ಬುತ್ತಿ ಇಲ್ಲದ ಪ್ರವಾಸ

ಗಂಡನಿಗೆ ವರ್ಗವಾದರೆ ಇಡೀ ಮನೆಯೇ ಊರು ಬದಲಿಸುತ್ತದೆ. ಆದರೆ ಹೊಸ ಊರು ಮನೆಯವರಿಗೆಲ್ಲ ಒಂದೇ ದಿನ ಪರಿಚಯವಾಗುವುದಿಲ್ಲ. ಗಂಡಸರಿಗೆ ಒಂದು ವಾರ ಸಾಕು. ಆಫೀಸು, ಮಸೀದಿ, ಮಾರ್ಕೆಟ್ಟು, ಚಹಾದಂಗಡಿ ಎಂದು ಅವರು ನಾಲ್ಕು ಜನರನ್ನು ಸಂಪಾದಿಸಿಕೊಳ್ಳುತ್ತಾರೆ. ಮಕ್ಕಳಿಗೆ ಶಾಲೆ ಶುರುವಾಗಿ ತಿಂಗಳಾದರೆ ಗೆಳೆಯರು ಸಿಗುತ್ತಾರೆ. ಮನೆಯಲ್ಲೇ ಇರುವ ಹೆಂಗಸರಿಗೆ ಮಾತ್ರ ಅಡುಗೆಮನೆಯ ಕಿಟಕಿಯಿಂದ ಕಾಣುವಷ್ಟೇ ಊರು.

ನಾವು ಮಂಗಳೂರಿನ ಕಡೆಯಿಂದ ವಿಜಯಪುರಕ್ಕೆ ಬಂದಾಗ ನಮ್ಮ ಮನೆಯಲ್ಲಿ ಹಾಗೆಯೇ ಆಯಿತು. ಬಿಜಾಪುರ 2014ರಲ್ಲೇ ವಿಜಯಪುರವಾಗಿದೆ. ಆದರೆ ನನ್ನ ಅತ್ತೆಯ ಬಾಯಲ್ಲಿ ಅದು ಇಂದಿಗೂ ಬಿಜಾಪುರವೇ. ಕಡಲ ಗಾಳಿ, ತೆಂಗಿನ ನೆರಳು, ದಿನಕ್ಕೊಮ್ಮೆಯಾದರೂ ಮೀನು ಸಾರು, ಕುಚ್ಚಲಕ್ಕಿ ಅನ್ನ - ಇದರಲ್ಲೇ ಅರುವತ್ತು ದಾಟಿದವರು ಅವರು. ಇಲ್ಲಿ ಕಣ್ಣು ಹಾಯಿಸಿದಷ್ಟೂ ಬಯಲು, ಜೋಳದ ಹೊಲ, ಸುಡುವ ಬಿಸಿಲು. ನೆರೆಹೊರೆಯ ಮುಸ್ಲಿಮ್ ಮನೆಗಳಲ್ಲಿ ದಖನಿ ಉರ್ದು. ನಮ್ಮ ಬ್ಯಾರಿ ಭಾಷೆ ಅರ್ಥವಾಗುವವರು ಬೀದಿಯಲ್ಲಿ ಒಬ್ಬರೂ ಇಲ್ಲ. ಅಸ್ರ್ ಅಝಾನ್ ಕೂಡ ಅವರಿಗೆ ಹೊಸತಾಗಿತ್ತು. ನಾವು ಶಾಫಿಈಗಳು, ಇಲ್ಲಿನವರು ಹನಫಿಗಳು. ಹನಫಿ ಮಸೀದಿಯಲ್ಲಿ ಅಸ್ರ್ ಸ್ವಲ್ಪ ತಡವಾಗಿ ಆಗುತ್ತದೆ. "ಇವರಿಗೆ ಗಡಿಯಾರ ಇಲ್ಲವೇ?" ಎಂದು ಅತ್ತೆ ಮೊದಲ ವಾರ ದಿನವೂ ಕೇಳುತ್ತಿದ್ದರು.

ಮೂರನೇ ತಿಂಗಳಿಗೆ ಅವರ ಪ್ರಶ್ನೆಗಳೇ ನಿಂತುಹೋದವು. ಮಾತು ಕಡಿಮೆಯಾಯಿತು, ಊಟ ಅದಕ್ಕಿಂತ ಕಡಿಮೆಯಾಯಿತು. ಒಂದು ರಾತ್ರಿ ಮಗನನ್ನು ಕರೆದು, "ನನ್ನನ್ನು ಊರಿಗೆ ಬಿಟ್ಟು ಬಾ. ಮಗಳ ಮನೆಯ ಮೂಲೆಯಲ್ಲಿ ಬಿದ್ದಿರುತ್ತೇನೆ" ಎಂದರು. ಮಾವ ತೀರಿಕೊಂಡ ಮೇಲೆ ಅವರನ್ನು ಜತೆಯಲ್ಲೇ ಇಟ್ಟುಕೊಳ್ಳಬೇಕೆಂಬುದು ಇವರ ದೊಡ್ಡ ಆಸೆಯಾಗಿತ್ತು. ಇವರು ಆ ರಾತ್ರಿ ನಿದ್ದೆ ಮಾಡಲಿಲ್ಲ. ರಮಝಾನ್ ತನಕ ನೋಡೋಣ, ಆ ಮೇಲೂ ಮನಸ್ಸು ನಿಲ್ಲದಿದ್ದರೆ ಊರಿಗೆ ಬಿಡುವುದು ಎಂದು ತೀರ್ಮಾನವಾಯಿತು. ಅಷ್ಟರೊಳಗೆ ತಿಂಗಳಿಗೆ ಎರಡು ಆದಿತ್ಯವಾರ ಎಲ್ಲರೂ ಒಟ್ಟಿಗೆ ಹೊರಗೆ ಹೋಗುವುದೆಂದೂ ಗೊತ್ತುಮಾಡಿದೆವು.

ಮೊದಲ ಆದಿತ್ಯವಾರ ಊರೊಳಗಿನ ಗೋಲಗುಮ್ಮಟಕ್ಕೇ ಹೋದೆವು. ಮುಹಮ್ಮದ್ ಆದಿಲ್‌ಶಾಹನ ಗೋರಿಯಿರುವ ಈ ಕಟ್ಟಡ ಪೂರ್ಣವಾದದ್ದು 1656ರಲ್ಲಿ. ಸುಮಾರು 44 ಮೀಟರ್ ಅಗಲದ ಗುಮ್ಮಟವನ್ನು ಹೊರಲು ಒಳಗೆ ಒಂದೇ ಒಂದು ಕಂಬವಿಲ್ಲ. ಮೂಲೆಯ ಮಿನಾರದ ಮೆಟ್ಟಿಲು ಹತ್ತಿ ಮೇಲಿನ ಮೊಗಸಾಲೆಗೆ ಹೋದರೆ ಈ ಬದಿಯ ಪಿಸುಮಾತು ಆ ಬದಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಮಕ್ಕಳು ಕುಣಿದಾಡಿದರು. ಅತ್ತೆ ಕೆಳಗೆ ಬೇವಿನ ಮರದಡಿ ಬುತ್ತಿಯ ಕಾವಲು ಕೂತಿದ್ದರು.

ಬುತ್ತಿ ಎಂದರೆ ಅದೇನು ಸಣ್ಣದೇ? ಹಿಂದಿನ ರಾತ್ರಿಯೇ ಕೋಳಿ ಸುಕ್ಕ, ತಹಜ್ಜುದ್ ಹೊತ್ತಿಗೆ ಎದ್ದು ಪತ್ತಿರ್, ಮೊಟ್ಟೆ, ಉಪ್ಪಿನಕಾಯಿ, ಚಹಾದ ಫ್ಲಾಸ್ಕು, ನೀರಿನ ಕ್ಯಾನು, ತಟ್ಟೆಗಳು. ಮರದಡಿ ಚಾಪೆ ಹಾಸಿ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ನಾವಿಬ್ಬರೂ ತಿಂದು, ಮನೆಗೆ ಬಂದು ಪಾತ್ರೆ ತೊಳೆದಾಗ ರಾತ್ರಿ ಹನ್ನೊಂದಾಗಿತ್ತು. ಅತ್ತೆ ಸೊಂಟ ಹಿಡಿದುಕೊಂಡು, "ಅಡುಗೆಮನೆಯನ್ನೇ ಹೊತ್ತುಕೊಂಡು ಹೋಗಿ ವಾಪಸು ತಂದ ಹಾಗಾಯಿತು" ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಮುಂದಿನ ಸಲ ಬುತ್ತಿ ಬೇಡ, ಊಟ ಹೊರಗೆ ಎಂದೆ. ಇವರು ತಕ್ಷಣ ಒಪ್ಪಿದರು. ಅತ್ತೆ ಒಪ್ಪಲಿಲ್ಲ. "ಮನೆಯಲ್ಲಿ ಎರಡೆರಡು ಹೆಂಗಸರು ಇರುವಾಗ ಹೋಟೆಲಿನ ಅನ್ನವೇ? ಅಲ್ಲಿಯ ಮಾಂಸ ಹಲಾಲೋ ಹರಾಮೋ ಯಾರು ಕಂಡವರು? ದುಡ್ಡೇನು ಮರದಲ್ಲಿ ಬೆಳೆಯುತ್ತದೆಯೇ?" ಮೂರು ಪ್ರಶ್ನೆಗಳಿಗೂ ಈ ಸೀಮೆಯಲ್ಲಿ ಒಂದೇ ಉತ್ತರವಿದೆ. ಅದು ರೊಟ್ಟಿ ಖಾನಾವಳಿ. ಅಪ್ಪಟ ಸಸ್ಯಾಹಾರ, ಮನೆಯಡುಗೆಯಂಥದೇ ಅಡುಗೆ, ಖರ್ಚೂ ಹಿಡಿತದಲ್ಲಿರುತ್ತದೆ.

ಮುಂದಿನ ಸಲ ಇಬ್ರಾಹಿಂ ರೋಜಾಕ್ಕೆ ಹೋದೆವು. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳಿಗೆಂದು ಆರಂಭವಾದ ಗೋರಿ ಅದು. ಆದರೆ 1627ರಲ್ಲಿ ಸುಲ್ತಾನನೇ ಮೊದಲು ತೀರಿಕೊಂಡು ಅಲ್ಲಿ ಮಲಗಿದ. ಗೋಡೆಯ ಕಲ್ಲಿನಲ್ಲಿ ಕೊರೆದ ಅರಬಿ ಅಕ್ಷರಗಳನ್ನು ಅತ್ತೆ ಬೆರಳಿನಿಂದ ಗಾಳಿಯಲ್ಲೇ ತಿದ್ದುತ್ತಾ, ಗೊತ್ತಿರುವ ಪದಗಳನ್ನು ಮೆಲ್ಲಗೆ ಓದಿದರು. ಕನ್ನಡ, ಉರ್ದು ಎರಡೂ ಓದಲು ಬಾರದ ಅವರಿಗೆ ಬಿಜಾಪುರದಲ್ಲಿ ಓದಲು ಸಿಕ್ಕಿದ ಮೊದಲ ಬರಹ ಅದು. ಹೊರಗೆ ಬಂದು ಚಾಂದ್ ಬಾವಡಿಯನ್ನೂ ನೋಡಿದೆವು. ಅದು ಅಲಿ ಆದಿಲ್‌ಶಾಹನ ಪತ್ನಿ ಚಾಂದ್ ಬೀಬಿಯ ಹೆಸರಿನ ಬಾವಿ. ಗಂಡ ತೀರಿಕೊಂಡ ಮೇಲೆ ಬಾಲಕ ಇಬ್ರಾಹಿಂನ ಪರವಾಗಿ ರಾಜ್ಯಭಾರ ನೋಡಿದವಳು, ಅನಂತರ ತವರಾದ ಅಹ್ಮದ್‌ನಗರದ ಕೋಟೆಯನ್ನು ಮೊಗಲರ ಸೈನ್ಯದಿಂದ ಕಾಪಾಡಿದವಳು ಅವಳು. "ವಿಧವೆಯಾದ ಮೇಲೆಯೇ ಇಷ್ಟೆಲ್ಲ ಮಾಡಿದಳೇ?" ಎಂದು ಅತ್ತೆ ಕೇಳಿದರು. ಹೌದೆಂದೆ. ದಾರಿಯುದ್ದಕ್ಕೂ ಅವರು ಬೇರೆ ಮಾತಾಡಲಿಲ್ಲ.

ಆದರೆ ಅತ್ತೆಯ ಮನಸ್ಸು ತಿರುಗಿದ್ದು ಅರಮನೆ, ಗೋರಿಗಳಿಂದಲ್ಲ. ಅದು ಬಾದಾಮಿಯ ದಾರಿಯಲ್ಲಿ, ಒಂದು ಊಟದ ಹೊತ್ತಿನಲ್ಲಿ.

ಫಜ್ರ್ ನಮಾಝ್ ಮುಗಿಸಿ ಹೊರಟು ಬಾದಾಮಿಯ ಗುಹೆಗಳನ್ನೂ ಅಗಸ್ತ್ಯ ತೀರ್ಥದ ಕೆರೆಯನ್ನೂ ನೋಡಿ, ಪಟ್ಟದಕಲ್ಲಿಗೆ ಹೋಗುವ ಮೊದಲು ಒಂದು ಸಣ್ಣ ಖಾನಾವಳಿಯಲ್ಲಿ ನಿಂತೆವು. ಮನೆಯ ಮುಂದಿನ ಪಡಸಾಲೆಯಲ್ಲೇ ನಾಲ್ಕು ಮೇಜು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಬುರ್ಖಾ ತೊಟ್ಟ ಇಬ್ಬರು ಹೆಂಗಸರನ್ನು ಕಂಡು ಮನೆಯೊಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ಬರ್ರಿ ಯವ್ವಾ, ಒಳಗ ಬರ್ರಿ. ಇಲ್ಲಿ ಬಿಸಲ ಬಡೀತೈತಿ" ಎಂದು ಅತ್ತೆಯ ಕೈ ಹಿಡಿದು ಅಡುಗೆಮನೆಗೆ ಹೊಂದಿದ ತಂಪು ಕೋಣೆಯಲ್ಲಿ ಕೂರಿಸಿದರು.

ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಕಾಳು ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರು, ಹಸಿ ಮೆಂತ್ಯ ಸೊಪ್ಪು, ಹೆಚ್ಚಿದ ಉಳ್ಳಾಗಡ್ಡಿ ಬಂದವು. ಅತ್ತೆ ತಟ್ಟೆಯ ಮುಂದೆ ಚಡಪಡಿಸಿದರು. ಮಕ್ಕಳಿಗೆ ಬಡಿಸಲು ಏಳುವುದು, ನೀರು ತರಲು ಏಳುವುದು. ಆ ತಾಯಿ ಬಿಡಲಿಲ್ಲ. "ನೀವು ಕುಂದರ್ರಿ. ಇವತ್ತ ಬಡಸೂದು ನಂದು" ಎಂದು ಹೆಂಚಿನಿಂದ ಇಳಿಸಿದ ರೊಟ್ಟಿಯನ್ನು ನೇರ ಅತ್ತೆಯ ತಟ್ಟೆಗೆ ಹಾಕಿದರು. ಅತ್ತೆ ಒಂದು ತುಂಡು ಮುರಿದು ಬಾಯಿಗಿಟ್ಟು ಸುಮ್ಮನಾದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ರೊಟ್ಟಿಯನ್ನು ಬಿಸಿಯಿರುವಾಗಲೇ ತಿಂದು ಎಷ್ಟು ವರ್ಷವಾಯಿತೋ ಗೊತ್ತಿಲ್ಲ."

ನನಗೆ ತುತ್ತು ಗಂಟಲಲ್ಲಿ ನಿಂತಿತು. ಮದುವೆಯಾದಂದಿನಿಂದ ದಿನಕ್ಕೆ ಮೂವತ್ತು ನಲ್ವತ್ತು ಪತ್ತಿರ್ ಸುಟ್ಟ ಕೈ ಅದು. ಮಾವನಿಗೆ, ಮೈದುನರಿಗೆ, ಮಕ್ಕಳಿಗೆ, ನೆಂಟರಿಗೆ ಬಿಸಿ ಬಿಸಿ ಬಡಿಸಿ, ಕೊನೆಗೆ ಆರಿದ್ದನ್ನು ತಿಂದ ಕೈ. ಎದುರು ಕೂತಿದ್ದ ಇವರೂ ತಲೆ ತಗ್ಗಿಸಿದ್ದರು.

ಊಟವಾದ ಮೇಲೆ ಅತ್ತೆ ಒಲೆಯ ಬಳಿಗೇ ಹೋದರು. ಬಿಸಿನೀರಿನಲ್ಲಿ ನಾದಿದ ಹಿಟ್ಟು ಲಟ್ಟಣಿಗೆಯಿಲ್ಲದೆ ಅಂಗೈಯ ಬಡಿತಕ್ಕೇ ಅಗಲವಾಗುವುದನ್ನೂ, ಹೆಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರುವುದನ್ನೂ ಕಣ್ಣರಳಿಸಿ ನೋಡಿದರು. ಇಬ್ಬರ ಕನ್ನಡವೂ ಬೇರೆ ಬೇರೆ. ಆದರೆ ರೊಟ್ಟಿಯ ವಿಷಯದಲ್ಲಿ ಅವರಿಗೆ ದುಭಾಷಿ ಬೇಕಾಗಲಿಲ್ಲ. ನಮಾಝ್‌ಗೆ ಜಾಗ ಕೇಳಿದಾಗ ಆ ತಾಯಿ ಒಳಕೋಣೆ ಗುಡಿಸಿ, ಒಗೆದಿಟ್ಟ ಜಮಖಾನೆ ಹಾಸಿ, ಪಡುವಣ ದಿಕ್ಕು ಯಾವುದೆಂದು ತಾವೇ ತೋರಿಸಿದರು. ಪ್ರಯಾಣಿಕರಿಗೆ ಇರುವ ರಿಯಾಯಿತಿಯಂತೆ ಝುಹ್ರ್ ಮತ್ತು ಅಸ್ರ್‌ಗಳನ್ನು ಎರಡೆರಡು ರಕ್‌ಅತ್‌ಗಳಾಗಿ ಒಟ್ಟಿಗೆ ನಿರ್ವಹಿಸಿದೆವು. ದೀನ್ ಪ್ರಯಾಣವನ್ನು ಎಷ್ಟು ಹಗುರ ಮಾಡಿದೆ ಎಂದು ಅಂದು ಅನುಭವಕ್ಕೆ ಬಂತು.

ಮಧ್ಯಾಹ್ನದ ಮೇಲೆ ಪಟ್ಟದಕಲ್ಲು ನೋಡಿದೆವು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಚಾಲುಕ್ಯರ ತಾಣ. ಅಲ್ಲಿಯ ವಿರೂಪಾಕ್ಷ ದೇವಾಲಯವನ್ನು ಎಂಟನೇ ಶತಮಾನದಲ್ಲಿ ಕಟ್ಟಿಸಿದವಳು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ನಮ್ಮ ನಂಬಿಕೆ ನಮ್ಮದು. ಆದರೂ ನಾವು ನೆಲೆಸಿದ ನೆಲದ ಚರಿತ್ರೆ ನಮ್ಮ ಮಕ್ಕಳಿಗೆ ತಿಳಿದಿರಬೇಕು. ಭೂಮಿಯಲ್ಲಿ ಸಂಚರಿಸಿ, ಹಿಂದಿನವರ ಗತಿಯನ್ನು ನೋಡಿ ಪಾಠ ಕಲಿಯುವಂತೆ ಕುರ್‌ಆನ್ ಹಲವೆಡೆ ಕರೆ ನೀಡಿದೆ. ಆ ಕರೆ ಗಂಡಸರಿಗೆ ಮಾತ್ರ ಎಂದು ಎಲ್ಲೂ ಹೇಳಿಲ್ಲ.

ಪ್ರವಾದಿವರ್ಯರು(ಸ) ಪ್ರಯಾಣ ಹೊರಡುವಾಗ ಪತ್ನಿಯರಲ್ಲಿ ಚೀಟಿ ಎತ್ತಿ ಒಬ್ಬರನ್ನು ಜತೆಗೆ ಕರೆದೊಯ್ಯುತ್ತಿದ್ದರು. ಒಂದು ಪ್ರಯಾಣದಲ್ಲಿ ಹಝ್ರತ್ ಆಯಿಶಾರೊಂದಿಗೆ(ರ) ಓಟದ ಪಂದ್ಯ ನಡೆಸಿದರು. ಆ ಸಲ ಆಯಿಶಾ ಗೆದ್ದರು, ಮುಂದೊಂದು ಸಲ ಪ್ರವಾದಿ(ಸ) ಗೆದ್ದರು. ಮನೆಯಲ್ಲಿದ್ದಾಗ ಅವರು ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದೂ ಆಯಿಶಾ(ರ) ತಿಳಿಸಿದ್ದಾರೆ. ಈ ಹದೀಸ್‌ಗಳನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಆದಿತ್ಯವಾರ ಬಂದಾಗ ಅಡುಗೆಮನೆಯಲ್ಲಿ ಅವು ಎಷ್ಟು ಮಂದಿಗೆ ನೆನಪಾಗುತ್ತವೆ?

ಎರಡು ತಿಂಗಳ ಬಳಿಕ ಮತ್ತೆ ಆ ದಾರಿಯಲ್ಲಿ ಹೋದಾಗ ಅತ್ತೆ ಊರಿನಿಂದ ಬಂದ ಹತ್ತು ತೆಂಗಿನಕಾಯಿ ಕಟ್ಟಿಸಿಕೊಂಡಿದ್ದರು. ಆ ತಾಯಿ ಅದನ್ನು ಕಣ್ಣಿಗೊತ್ತಿಕೊಂಡು, ವಾಪಸು ಬರುವಾಗ ಒಂದು ಡಬ್ಬಿ ಗುರೆಳ್ಳು ಹಿಂಡಿಯನ್ನೂ ಮೂವತ್ತು ಕಡಕ್ ರೊಟ್ಟಿಯನ್ನೂ ಕೊಟ್ಟರು. ಈಗ ನಮ್ಮ ಮನೆಯಲ್ಲಿ ವಾರಕ್ಕೆರಡು ದಿನ ಜೋಳದ ರೊಟ್ಟಿ. ಅತ್ತೆ ಬಡಿಯುತ್ತಾರೆ, ನಾನು ಬೇಯಿಸುತ್ತೇನೆ, ಇವರು ಬಡಿಸುತ್ತಾರೆ. ಮೊದಲ ರೊಟ್ಟಿ ಅತ್ತೆಗೆ.

ರಮಝಾನ್ ಬಂದು ಹೋಯಿತು. ಊರಿಗೆ ಬಿಡುವ ಮಾತು ಯಾರೂ ತೆಗೆಯಲಿಲ್ಲ. ಮೀನಿನ ನೆನಪು ಅವರಿಗೆ ಇನ್ನೂ ಹೋಗಿಲ್ಲ, ಹೋಗುವುದೂ ಇಲ್ಲ. ಮೊನ್ನೆ ನಾದಿನಿಯೊಂದಿಗೆ ಫೋನಿನಲ್ಲಿ, "ನಮ್ಮ ಬಿಜಾಪುರಕ್ಕೆ ಒಮ್ಮೆ ಬಾ. ಎಪ್ರಿಲ್‌ನಲ್ಲಿ ಬೇಡ, ಬಿಸಿಲು. ಡಿಸೆಂಬರಲ್ಲಿ ಬಾ" ಎನ್ನುತ್ತಿದ್ದರು. 'ನಮ್ಮ' ಎಂಬ ಪದ ಕೇಳಿ ಇವರು ಪತ್ರಿಕೆಯ ಮರೆಯಲ್ಲಿ ಕಣ್ಣೊರೆಸಿಕೊಂಡರು.

ಸಹೋದರಿಯರೇ, ವರ್ಗವಾಗಿಯೋ ಮದುವೆಯಾಗಿಯೋ ಹೊಸ ಊರಿಗೆ ಬಂದು ಕಿಟಕಿಯ ಬಳಿ ಕೂತವರು ನಿಮ್ಮ ಮನೆಯಲ್ಲೂ ಇರಬಹುದು. ದೂರದ ಊರು, ದೊಡ್ಡ ಖರ್ಚು ಬೇಕಾಗಿಲ್ಲ. ಬೆಳಿಗ್ಗೆ ಹೋಗಿ ಸಂಜೆಗೆ ಬರುವಷ್ಟು ದಾರಿ ಸಾಕು. ಹೊರಡುವ ಮೊದಲು ಶೌಚಾಲಯ ಎಲ್ಲಿದೆ, ನಮಾಝ್‌ಗೆ ಜಾಗ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿಕೊಳ್ಳಿ. ಮನೆಯಿಂದ ನೀರು ಮತ್ತು ಒಂದು ಚಾಪೆ ಮಾತ್ರ ತೆಗೆದುಕೊಳ್ಳಿ. ಬುತ್ತಿಯನ್ನು ಮನೆಯಲ್ಲೇ ಬಿಡಿ. ರಜೆ ಎಂದ ಮೇಲೆ ಅದು ಒಲೆ ಹಚ್ಚುವವರಿಗೂ ಸಿಗಬೇಕಲ್ಲವೇ?