ಕೆರೆಯ ಅಂಚಿನಿಂದ ನೂರು ಹೆಜ್ಜೆ

ಬಯಲುಸೀಮೆಯ ಕೆರೆಗೆ ಖಚಿತವಾದ ದಡ ಒಂದು ಕಡೆ ಮಾತ್ರ, ಏರಿಯ ಕಡೆ. ಉಳಿದ ಮಗ್ಗುಲುಗಳಲ್ಲಿ ನೀರು ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗಬೇಕು ಎನ್ನುವುದನ್ನು ಆಯಾ ವರ್ಷದ ಮಳೆ ತೀರ್ಮಾನಿಸುತ್ತದೆ. ನೂರು ಅಡಿಗೆ ಒಂದಡಿ ಇಳಿಜಾರಿರುವ ಅಂಗಳದಲ್ಲಿ ನೀರು ಒಂದಡಿ ಏರಿದರೆ ಅಂಚು ನೂರಡಿ ಮುಂದೆ ಬರುತ್ತದೆ. ಹಿರಿಯೂರಿನ ಬಳಿಯ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಒಣಗಿಯೇ ಕಂಡ ಮೇಲಂಚಿನ ನೆಲವೂ ನೀರಿನದೇ ಆಗಿತ್ತು. ಕೆರೆ ಬದಿಯಲ್ಲಿ ಒಂದು ರಾತ್ರಿ ತಂಗುವ ಯೋಜನೆ ಈ ಲೆಕ್ಕದಿಂದಲೇ ಶುರುವಾಗಬೇಕು. ಬುಟ್ಟಿಯಲ್ಲಿ ಏನೇನಿರಬೇಕು ಎಂಬುದು ಆಮೇಲಿನ ಮಾತು.

ಕಾಲ ನವೆಂಬರಿನಿಂದ ಫೆಬ್ರವರಿವರೆಗೆ. ಮಳೆ ಹಿಂದಾಗಿರುತ್ತದೆ, ಕೆರೆಯಲ್ಲಿ ನೀರಿರುತ್ತದೆ, ಹಿಂಗಾರಿ ಜೋಳ ಎದ್ದು ನಿಂತಿರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುವುದೂ ಆಗಲೇ. ಆ ಕೆರೆ ಮತ್ತು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿವೆ. ಅಂಥ ಕೆರೆಗಳನ್ನು ಹಗಲು ನೋಡಿ ಬರಬೇಕು. ರಾತ್ರಿ ಅವು ಹಕ್ಕಿಗಳ ಪಾಲು. ತಂಗಲು ಊರಿನ ಸಾಧಾರಣ ಕೆರೆಯೇ ಸಾಕು. ಪಂಚಾಯಿತಿಗೆ ಮತ್ತು ಪಕ್ಕದ ಹೊಲದವರಿಗೆ ಮುಂಚೆಯೇ ಒಂದು ಮಾತು ಹೇಳಿರಬೇಕು. ನೀರುಗಂಟಿ ಇನ್ನೂ ಇರುವ ಊರಾದರೆ ಅವನಿಗೆ ಮೊದಲು: ಯಾವ ಕಡೆ ಹೂಳು, ಯಾವ ಕಡೆ ಮಣ್ಣು ಎತ್ತಿದ ಗುಂಡಿ ಎಂದು ಬಲ್ಲವನು ಅವನೊಬ್ಬನೇ. ಬೇಸಿಗೆಯಲ್ಲಿ ಹೊಲಕ್ಕೆಂದು ತೋಡಿದ ಗುಂಡಿ ಮಳೆಗಾಲದ ಮೇಲೆ ನೀರಿನಡಿ ಮುಚ್ಚಿಹೋಗುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಮುಳುಗುವುದು ಹೀಗೆ. ಗೊತ್ತಿಲ್ಲದ ಕೆರೆಗೆ ಈಜಲು ಇಳಿಯಬಾರದು.

ಇನ್ನು ಜಾಗ. ಏರಿಯ ಮೇಲೆ ಗೂಟ ಹೊಡೆಯುವುದು ತಪ್ಪು. ಅದು ನೀರು ತಡೆದು ನಿಂತ ಮಣ್ಣಿನ ಗೋಡೆ. ಏರಿಯ ಕೆಳಗೆ, ತೂಬಿನ ಆಚೆ, ಅಚ್ಚುಕಟ್ಟಿನ ಗದ್ದೆಯೂ ಸೊಳ್ಳೆಯೂ. ಉಳಿದದ್ದು ನೀರು ಹರಿದುಬರುವ ಮೇಲುಭಾಗ. ಅಲ್ಲಿ ಕೆರೆಯ ಗಡಿ ತಿಳಿಯಲು ಒಂದು ಸುಲಭ ಉಪಾಯವಿದೆ. ಅರ್ಧ ನೀರು ತುಂಬಿದ ಪಾರದರ್ಶಕ ಬಾಟಲಿಯನ್ನು ಕೋಡಿಯ ಕಲ್ಲಿನ ಮೇಲೆ ಅಡ್ಡ ಮಲಗಿಸಬೇಕು. ಅದು ಅಲುಗಾಡದೆ ನಿಂತ ಮೇಲೆ ಕಣ್ಣನ್ನು ಅದರ ಮಟ್ಟಕ್ಕೆ ಇಳಿಸಿ, ಒಳಗಿನ ನೀರಿನ ಗೆರೆಯ ನೇರಕ್ಕೆ ಎದುರು ದಡ ನೋಡಬೇಕು. ಗೆರೆ ಯಾವ ಜಾಲಿ ಗಿಡದ ಬುಡಕ್ಕೆ, ಯಾವ ಬದುವಿಗೆ ತಾಗುತ್ತದೋ ಸುಮಾರಾಗಿ ಅಲ್ಲಿಯವರೆಗೆ ಕೆರೆ. ದೂರ ಹೆಚ್ಚಿದಷ್ಟೂ ಕಣ್ಣಳತೆ ತಪ್ಪುವುದರಿಂದ ಅದರ ಮೇಲೆ ಒಂದಾಳೆತ್ತರ ಬಿಡುವುದು ಲೇಸು. ಒಣಹುಲ್ಲು, ಕಡ್ಡಿ, ಬಸವನಹುಳುವಿನ ಚಿಪ್ಪು ಸಾಲಾಗಿ ಬಿದ್ದ ಗೆರೆ ಹತ್ತಿರದಲ್ಲೇ ಸಿಕ್ಕರೆ ಲೆಕ್ಕ ಸರಿಯಿದೆ ಎಂದರ್ಥ. ಗಾರೆ ಕೆಲಸದವರು ಮಟ್ಟದ ಪೈಪಿನಲ್ಲಿ ಮಾಡುವುದೂ ಇದನ್ನೇ. ಎರಡು ನಿಮಿಷದ ಈ ಕೆಲಸಕ್ಕೆ ಸಮಯವಿಲ್ಲವೆನ್ನುವವರು ಫೋಟೋ ತೆಗೆಯಲು ಒಂದು ಗಂಟೆ ಕಳೆಯುತ್ತಾರೆ.

ಡೇರೆಯ ಬಾಗಿಲು ತೆರೆದರೆ ನೀರು ಕಾಲಿಗೆ ತಾಗಬೇಕು ಎಂಬ ಹಟ ಈಗ ಎಲ್ಲೆಡೆ ಹಬ್ಬಿದೆ. ಇದರಷ್ಟು ಕೆಟ್ಟ ಅಭಿರುಚಿ ಈ ಹವ್ಯಾಸದಲ್ಲಿ ಮತ್ತೊಂದಿಲ್ಲ. ಗಾಳಿಯಿಲ್ಲದ ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿಯುತ್ತದೆ. ಬಯಲಿನಲ್ಲಿ ತಗ್ಗೆಂದರೆ ಕೆರೆ. ಚಳಿಯೂ ತೇವವೂ ಒಟ್ಟಾಗಿ ನೀರಂಚಿನ ಡೇರೆಯನ್ನು ಹೊದ್ದುಕೊಳ್ಳುತ್ತವೆ. ಒಳಗೆ ಮಲಗಿದ ಇಬ್ಬರ ಉಸಿರು ಮತ್ತು ಬೆವರಿನಿಂದ ಬೆಳಗಾಗುವುದರೊಳಗೆ ಒಂದೆರಡು ಲೋಟ ನೀರು ಆವಿಯಾಗಿ ಹೊರಬೀಳುತ್ತದೆ. ಚಳಿಯೆಂದು ಎಲ್ಲ ಜಿಪ್ಪುಗಳನ್ನೂ ಎಳೆದು ಮುಚ್ಚಿದರೆ ಆ ಆವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ನಸುಕಿನಲ್ಲಿ ಹನಿ ಮುಖದ ಮೇಲೆ ತೊಟ್ಟಿಕ್ಕಿದಾಗ ಟೆಂಟ್ ಸೋರುತ್ತದೆಂದು ಮಾರಿದವರನ್ನು ಬಯ್ಯುತ್ತಾರೆ. ಸೋರಿಲ್ಲ; ಅದು ಅವರದೇ ಉಸಿರು.

ನೂರು ಹೆಜ್ಜೆ ಮೇಲೆ ಸರಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಬೇವು ಅಥವಾ ಹೊಂಗೆಯ ಮರದಡಿಯಾದರೆ ಇನ್ನೂ ಒಳ್ಳೆಯದು. ಬಯಲಲ್ಲಿರುವ ಡೇರೆ ತನ್ನ ಶಾಖವನ್ನು ಬರಿಯ ಆಕಾಶಕ್ಕೆ ಕಳೆದುಕೊಂಡು ತಣ್ಣಗಾಗುತ್ತದೆ, ಅದರ ಮೇಲೆ ಇಬ್ಬನಿ ಕೂರುತ್ತದೆ. ಮರದ ಮರೆ ಆ ನಷ್ಟವನ್ನು ತಡೆಯುತ್ತದೆ. ತಲೆಯ ಮೇಲೆ ಒಣ ಕೊಂಬೆಯಿಲ್ಲವೆಂದು ನೋಡಿಕೊಂಡರಾಯಿತು. ಎದುರುಬದುರಿನ ಎರಡು ಕಿಂಡಿಗಳನ್ನು ಅಂಗೈಯಗಲ ತೆರೆದಿಟ್ಟು ಒಂದು ಕಂಬಳಿ ಹೆಚ್ಚಿಗೆ ಹೊದೆಯುವುದೇ ಸರಿಯಾದ ಕ್ರಮ. ಹೊಲದಲ್ಲಿ ಕುರಿ ತರುಬುವವರು ನೀರಂಚಿನಲ್ಲಿ ಮಲಗಿದ್ದನ್ನು ಯಾರೂ ಕಂಡಿರಲಾರರು. ಅವರು ಹಿಂಡಿಗೆ ನೀರು ಕುಡಿಸಿ ದಿಬ್ಬಕ್ಕೆ ಬರುತ್ತಾರೆ. ನೀರಿನ ನೋಟ ಬೇಕಾದವರು ನಸುಕಿನಲ್ಲಿ ಎದ್ದು ನಡೆದುಹೋಗಬಹುದು. ನಡೆದು ತಲುಪಿದ ಕೆರೆ ಹೆಚ್ಚು ಚೆಂದ ಕಾಣುತ್ತದೆ.

ಐಷಾರಾಮಿ ಡೇರೆಗಳ ವಿಷಯ ಬೇರೆ. ಮಂಚ, ದಿಂಬು, ಬಿಸಿನೀರು ಬಯಸುವುದು ತಪ್ಪಲ್ಲ. ವಯಸ್ಸಾದವರೂ ಎಳೆ ಮಕ್ಕಳೂ ಬಯಲಿನ ರಾತ್ರಿ ಕಾಣುವುದು ಅದರಿಂದಲೇ ಸಾಧ್ಯವಾಗುತ್ತದೆ. ಆದರೆ ಆ ಮಂಚ ನಿಲ್ಲಿಸಲು ಕೆರೆಯಂಗಳದಲ್ಲಿ ಸಿಮೆಂಟ್ ಕಟ್ಟೆ ಕಟ್ಟುವುದು ಒತ್ತುವರಿಯೇ, ಬೇರೆ ಹೆಸರಿಲ್ಲ. ಬೆಳಗಿನವರೆಗೆ ಉರಿಯುವ ದೀಪದ ಸರಗಳೂ ಧ್ವನಿವರ್ಧಕಗಳೂ ಇದ್ದಲ್ಲಿ ಹಕ್ಕಿ ಕೂರುವುದಿಲ್ಲ, ನಕ್ಷತ್ರ ಕಾಣುವುದಿಲ್ಲ. ಕತ್ತಲೆಯನ್ನೇ ಕಳೆದ ಮೇಲೆ ಅಷ್ಟು ದೂರ ಬಂದವರಿಗೆ ಕೊಡಲು ಅಲ್ಲಿ ಏನೂ ಉಳಿಯುವುದಿಲ್ಲ.

ಕತ್ತಲೆಗೆ ಅಮಾವಾಸ್ಯೆಯ ಆಸುಪಾಸು ತಕ್ಕದ್ದು. ಅದರಲ್ಲೂ ಎಳ್ಳಮಾವಾಸ್ಯೆ. ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಆ ದಿನ ಉತ್ತರ ಕರ್ನಾಟಕದ ರೈತರು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಸಜ್ಜೆ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹೋಳಿಗೆಯ ಬುತ್ತಿ ಹೊಲದಲ್ಲೇ ಬಿಚ್ಚುತ್ತದೆ. ದಾರಿಹೋಕರನ್ನೂ ಕರೆದು ಉಣಿಸುತ್ತಾರೆ. ಆ ರಾತ್ರಿ ಆಕಾಶದಲ್ಲಿ ಮಹಾವ್ಯಾಧ ಮೇಲೇರಿರುತ್ತಾನೆ, ಅವನ ಕೆಳಗೆ ಸಿರಿಯಸ್ ಉರಿಯುತ್ತಿರುತ್ತದೆ. ಹೊರಗಿನಿಂದ ಬಂದವರ ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗಟ್ಟಿ ಮೊಸರು ಸಾಕು. ಜೋಳ ಹಾಲುಗಟ್ಟಿದ್ದರೆ ಹೊಲದವರನ್ನು ಕೇಳಿ ನಾಲ್ಕು ತೆನೆ ಕೊಂಡು ಕೆಂಡದಲ್ಲಿ ಸುಟ್ಟು ಸೀತನಿ ಮಾಡಬಹುದು. ಸುಟ್ಟ ತೆನೆಯನ್ನು ಬಿಸಿಯಿರುವಾಗಲೇ ಬಡಿದು, ಉದುರಿದ ಹಸಿರು ಕಾಳನ್ನು ಊದಿ ಹೊಟ್ಟು ಹಾರಿಸಿ, ಚಟ್ನಿ ಪುಡಿಯೊಡನೆ ತಿನ್ನಬೇಕು. ಒಲೆ ಬಣವೆಯಿಂದ ದೂರವಿರಲಿ.

ಗೂಟದ ಮಾತು ಮಣ್ಣಿಗೆ ಬಿಟ್ಟದ್ದು. ಚಿತ್ರದುರ್ಗದ ಕಡೆಯ ಗರಸು ನೆಲಕ್ಕೆ ತೆಳುವಾದ ಗೂಟ ಬಾಗುತ್ತದೆ. ಹಗ್ಗವನ್ನು ಕಲ್ಲಿಗೆ ಸುತ್ತಿ ಅದರ ಮೇಲೆ ಇನ್ನೊಂದು ಕಲ್ಲು ಹೇರಬೇಕು. ಎರೆಭೂಮಿಯಲ್ಲಿ ಉದ್ದನೆಯ ಗೂಟವೇ ಬೇಕು, ಬಿರುಕು ಬಿಟ್ಟಲ್ಲಿ ಹೊಡೆಯಬಾರದು. ಎರೆಯಲ್ಲಿ ಒಂದು ಮಳೆ ಬಿದ್ದರೆ ಕಾರು ಕದಲದು; ಗಾಡಿಯನ್ನು ಗಟ್ಟಿ ರಸ್ತೆಯಲ್ಲೇ ಬಿಟ್ಟು ಸಾಮಾನು ಹೊತ್ತು ಬರಬೇಕು.

ಬೆಳಿಗ್ಗೆ ಡೇರೆಯನ್ನು ಬಿಸಿಲಿಗೆ ಬಿಟ್ಟು, ಒಳಹೊರಗು ಒಣಗಿದ ಮೇಲೆಯೇ ಮಡಿಸಬೇಕು. ಒದ್ದೆಯಾಗಿ ಮಡಿಸಿದ ಬಟ್ಟೆಗೆ ಬೂಷ್ಟು ಹಿಡಿದರೆ ಆ ವಾಸನೆ ಮತ್ತೆ ಹೋಗುವುದಿಲ್ಲ. ಬೂದಿಗೆ ನೀರು ಹೊಯ್ದು, ಕೈಯಿಟ್ಟು ನೋಡಿ, ತಣ್ಣಗಾದ ಮೇಲೆ ಮಣ್ಣು ಮುಚ್ಚಬೇಕು. ಗೂಟಗಳನ್ನು ಎಣಿಸಿಕೊಳ್ಳಬೇಕು. ಮರೆತು ಬಿಟ್ಟ ಒಂದು ಗೂಟ ಮುಂದಿನ ಉಳುಮೆಯ ದಿನ ಎತ್ತಿನ ಗೊರಸಿಗೆ ಸಿಗುತ್ತದೆ.