ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಎಂಜಿನ್ ಯಾವುದು ಅಂತ ನಾವು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆವು. ಮಾವನ ಮನೆ ಹಿತ್ತಲಲ್ಲಿ ಹಳೇ ಸ್ಪ್ಲೆಂಡರ್ ಬೈಕ್ ನಿಂತಿತ್ತು. ಎಂಜಿನ್ ಗಟ್ಟಿಯಿತ್ತು, ಕಾಸು ಕೊಡಬೇಕಿರಲಿಲ್ಲ, ನಾಲ್ಕು ಗೇರ್ ಬೇರೆ. ಕಬ್ಬಿಣದ ಪೈಪಿನ ಚೌಕಟ್ಟು, ನಾಲ್ಕು ಸ್ಕೂಟರ್ ಚಕ್ರ, ಒಂದು ಸೀಟು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅಂಗಳದಲ್ಲಿ ನಮ್ಮದೇ ಗೋ-ಕಾರ್ಟ್ ಓಡಿಸೋದು. ರಸ್ತೆಗೆ ಇಳಿಸುವ ಹಾಗಿಲ್ಲ, ನೋಂದಣಿ ಇಲ್ಲದ ಗಾಡಿಗೆ ಅಲ್ಲಿ ಜಾಗವಿಲ್ಲ.

ವೆಲ್ಡಿಂಗ್ ನಡೀತಿದ್ದ ದಿನ ಚಿಕ್ಕಪ್ಪನ ಮಗ ಬಂದು ಕಲ್ಲಿನ ಮೇಲೆ ಕೂತ. ಟ್ರ್ಯಾಕ್ಟರ್ ಮಗುಚಿದ ಮೇಲೆ ಅವನ ಎಡಗಾಲಿನಲ್ಲಿ ಶಕ್ತಿಯಿಲ್ಲ. "ನಂಗೂ ಒಂದು ರೌಂಡ್ ಕೊಡ್ತೀರಾ ಅಣ್ಣ?" ಅಂದ. "ಕೊಡ್ದೆ ಇನ್ನೇನೋ" ಅಂದೆವು. ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು, ಕ್ಲಚ್ ಪೆಡಲ್ ಇರೋದೇ ಎಡಗಾಲಿಗೆ.

ಬೈಕಿನ ಹಾಗೆ ಕೈ ಕ್ಲಚ್ ಇಟ್ಟರೆ? ಚೌಕಟ್ಟಿಗೆ ಲಿವರ್ ಕಟ್ಟಿ, ಅವನನ್ನು ಕೂರಿಸಿ ತಳ್ಳಿ ನೋಡಿದೆವು. ಕೆರೆ ಅಂಗಳದ ಬಿರುಕಿಗೆ ಚಕ್ರ ಬಿದ್ದಾಗಲೆಲ್ಲ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಒಂದು ಕೈ ಕ್ಲಚ್ಚಿಗೆ, ಗೇರಿಗೂ ಕೈಯೇ ಬೇಕು. "ಬ್ಯಾಡ ಬಿಡ್ರಣ್ಣ, ನಾನ್ ನೋಡ್ತೀನಿ" ಅಂದ. ಆ ಮಾತು ನಮಗೆ ಸರಿಬರಲಿಲ್ಲ.

ನಮ್ಮದು ಹೊಸದುರ್ಗದ ಕಡೆ. ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದು ಗಿಡ ಕಿತ್ತ ಮೇಲೆ ಔಷಧಿ ಹೊಡೆಯುವ ಪೆಟ್ರೋಲ್ ಎಂಜಿನ್ ಮೂಲೆಯಲ್ಲಿ ಬಿದ್ದಿತ್ತು. ಆರೂವರೆ ಎಚ್‌ಪಿ, ನಿಮಿಷಕ್ಕೆ 3600 ಸುತ್ತು. ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಇಂಥ ಎಂಜಿನ್ನಿಗೆ ಸೆಂಟ್ರಿಫ್ಯೂಗಲ್ ಕ್ಲಚ್ ಅಂತ ಸಿಗುತ್ತದೆ. ನೀರು ತುಂಬಿದ ಚೆಂಬನ್ನು ಹಗ್ಗ ಕಟ್ಟಿ ಗಿರ್ರನೆ ತಿರುಗಿಸಿದರೆ ನೀರು ಚೆಲ್ಲದೆ ತಳಕ್ಕೆ ಒತ್ತಿಕೊಳ್ಳುತ್ತದಲ್ಲ, ಹಾಗೇ ಇದು. ಶಾಫ್ಟ್ ಜೋರಾಗಿ ತಿರುಗಿದಾಗ ಒಳಗಿನ ಶೂಗಳು ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿಯುತ್ತವೆ. ನಿಧಾನವಾದಾಗ ಸ್ಪ್ರಿಂಗ್ ವಾಪಸ್ ಎಳೆಯುತ್ತದೆ. ಎಕ್ಸೆಲ್ ಮೊಪೆಡ್ಡಿನಲ್ಲೂ ಇದೇ ತತ್ವ. ಆಕ್ಸಿಲೇಟರ್, ಬ್ರೇಕ್ ಎರಡೂ ಬಲಗಾಲಿಗೆ, ಎಡಗಾಲಿಗೆ ಕೆಲಸವೇ ಇಲ್ಲ.

ತರಿಸಿದ ಕ್ಲಚ್ ಶಾಫ್ಟಿಗೆ ಕೂರಲಿಲ್ಲ. ಶಾಫ್ಟ್ 20 ಎಂಎಂ, ಕ್ಲಚ್ಚಿನ ತೂತು ಮುಕ್ಕಾಲು ಇಂಚು, ಅಂದರೆ 19.05 ಎಂಎಂ. ನೀವು ತರಿಸೋದಾದರೆ ಮೊದಲು ಶಾಫ್ಟ್ ಅಳೆಯಿರಿ. ಲೇತ್ ಅಂಗಡಿಯವರು ತೂತು ದೊಡ್ಡದು ಮಾಡಿಕೊಟ್ಟು, "ಸುತ್ತಿಗೇಲಿ ಹೊಡೆದಿದ್ರೆ ಎಂಜಿನ್ನೇ ಹೋಗ್ತಿತ್ತು" ಅಂತ ಬೈದರು. ಹೊಡೆದೇ ಬಂದಿದ್ದೆವು, ಹೇಳಲಿಲ್ಲ.

ಆದರೆ ನಿಜವಾಗಿ ಎಡವಿದ್ದು ಹಲ್ಲಿನ ಲೆಕ್ಕದಲ್ಲಿ. ಕ್ಲಚ್ಚಿನಲ್ಲಿ 10 ಹಲ್ಲು. ಹಿಂದಿನ ಶಾಫ್ಟಿಗೆ ಬೈಕಿನ 42 ಹಲ್ಲಿನ ಸ್ಪ್ರಾಕೆಟ್ ಹಾಕಿ, ನಡುವೆ ಬೈಕಿನ ಚೈನ್ ಬಿಟ್ಟೆವು. ಗಾಡಿ ಹೊರಟಿತು, ಎಲ್ಲರೂ ಕೂಗಿದೆವು. ಎರಡನೇ ಸುತ್ತಿಗೆ ಸುಟ್ಟ ವಾಸನೆ, ಆಮೇಲೆ ಹೊಗೆ. ಡ್ರಮ್ ನೀಲಿಗೆ ತಿರುಗಿತ್ತು.

ಆ ಸಂಜೆ ನಮ್ಮಲ್ಲೇ ಜಗಳ. "ಸ್ಪ್ಲೆಂಡರ್ ಎಂಜಿನ್ನೇ ಹಾಕ್ಬಿಡೋಣ, ಅವನು ಬೇಕಾದ್ರೆ ಪಕ್ಕದಲ್ಲಿ ಕೂರ್ಲಿ" ಅಂದ ಒಬ್ಬ. ಸುಳ್ಳು ಯಾಕೆ ಹೇಳೋದು, ನಾವು ಹೆಚ್ಚೂಕಡಿಮೆ ಒಪ್ಪಿಯೇ ಬಿಟ್ಟಿದ್ದೆವು. ತಮ್ಮ ಮಾತ್ರ ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ಒತ್ತುತ್ತಾ ಕೂತಿದ್ದ.

ಅವನ ಲೆಕ್ಕ ಹೀಗಿತ್ತು. ಚಕ್ರ ಒಂದು ಸುತ್ತು ಬಂದರೆ ಗಾಡಿ ಸುಮಾರು 1.36 ಮೀಟರ್ ಮುಂದೆ ಹೋಗುತ್ತದೆ. ಕ್ಲಚ್ ಪೂರ್ತಿ ಹಿಡಿಯೋದು 2000 ಸುತ್ತಿನ ಹತ್ತಿರ. 42ನ್ನು 10ರಿಂದ ಭಾಗಿಸಿದರೆ 4.2. ಆ ಲೆಕ್ಕಕ್ಕೆ ಕ್ಲಚ್ ಪೂರ್ತಿ ಹಿಡಿಯುವಾಗ ಗಾಡಿ ಗಂಟೆಗೆ 39 ಕಿಲೋಮೀಟರ್ ವೇಗದಲ್ಲಿರಬೇಕು! ಕೆರೆ ಅಂಗಳದಲ್ಲಿ ನಾವು ಓಡಿಸಿದ್ದು ಹೆಚ್ಚೆಂದರೆ 20. ಅಂದರೆ ಓಡಿಸಿದಷ್ಟು ಹೊತ್ತೂ ಶೂಗಳು ಡ್ರಮ್ಮಿಗೆ ಉಜ್ಜುತ್ತಲೇ ಇದ್ದವು. ಕ್ಲಚ್ಚಿನ ತಪ್ಪೇನೂ ಇರಲಿಲ್ಲ.

ನಡುವೆ ಇನ್ನೊಂದು ಶಾಫ್ಟ್ ಹಾಕಿದೆವು. ಕ್ಲಚ್ಚಿನ 10 ಹಲ್ಲಿನಿಂದ 25 ಹಲ್ಲಿಗೆ ಒಂದು ಚೈನ್. ಅದೇ ಶಾಫ್ಟಿನ ಇನ್ನೊಂದು ತುದಿಯ 14 ಹಲ್ಲಿನಿಂದ ಹಿಂದಿನ 42ಕ್ಕೆ ಇನ್ನೊಂದು. ಎರಡೂವರೆ ಇಂಟು ಮೂರು, ಏಳೂವರೆ. ಈಗ ಕ್ಲಚ್ 22ರ ಹತ್ತಿರ ಪೂರ್ತಿ ಹಿಡಿಯುತ್ತದೆ, ಗಾಡಿ 39ಕ್ಕಿಂತ ಹೆಚ್ಚು ಓಡೋದಿಲ್ಲ. ಅದಕ್ಕಿಂತ ಜೋರು ನಮಗೂ ಬೇಡ. ಕ್ಲಚ್ಚಿನ ಹಲ್ಲಿಗೆ ಬೈಕಿನ ಚೈನ್ ಅಗಲವಾಗಿ ಅಲ್ಲಾಡುತ್ತಿತ್ತು, ಮೊದಲ ಚೈನನ್ನು ಸಣ್ಣದು ಹಾಕಿದ್ದರಿಂದ ಅದೂ ನಿಂತಿತು. ಸ್ಪ್ರಾಕೆಟ್‌ಗಳು ಒಂದೇ ನೇರಕ್ಕಿವೆಯಾ ಅಂತ ದಾರ ಹಿಡಿದು ನೋಡಲು ಅರ್ಧ ದಿನ ಬೇಕಾಯಿತು. ಎರಡೂ ಚೈನಿಗೆ ತಗಡಿನ ಮುಚ್ಚಳ ಹಾಕಿಸಿದ್ದು ಚಿಕ್ಕಮ್ಮ. "ಲುಂಗಿ ಉಟ್ಕಂಡು ಯಾವನಾದ್ರೂ ಇದರ ಹತ್ರ ಬಂದೀರಾ, ನೋಡಿ ಮತ್ತೆ" ಅಂದರು.

ಹೊಸ ಕ್ಲಚ್ ಹಾಕಿದ ಮೇಲೆ ಮೊದಲು ಓಡಿಸಿದ್ದು ತಮ್ಮ. ಹೆಲ್ಮೆಟ್ ಹಾಕಿ, ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಕೂತ. ಎರಡು ಸುತ್ತು ನಿಧಾನ. ಮೂರನೆಯದಕ್ಕೆ ಜಾಲಿ ಮರದ ಹತ್ತಿರ ಹಿಂದಿನ ಚಕ್ರ ಜಾರಿಸಿಕೊಂಡು ತಿರುಗಿಸಿದ, ಧೂಳಿನಲ್ಲಿ ಕಾಣದೇ ಹೋದ. ಚಿಕ್ಕಪ್ಪ ಕೆರೆ ಏರಿ ಮೇಲೆ ನಿಂತಿದ್ದರು, ಏನೂ ಹೇಳಲಿಲ್ಲ.

ನಮ್ಮ ಸರದಿ ಬರುವ ಹೊತ್ತಿಗೆ ಟ್ಯಾಂಕಿನಲ್ಲಿ ಪೆಟ್ರೋಲ್ ಇರಲಿಲ್ಲ.