ಹೊಲದ ಮಾತು ಆಮೇಲೆ, ಮೊದಲು ಪೇಪರ್

ಪೈಲಟ್ ಆಗಲು ಥಿಯರಿ ಪರೀಕ್ಷೆ ಬರೆಯಬೇಕು ಅಂದರೆ ನಮ್ಮೂರಲ್ಲಿ ಯಾರೂ ಸುಲಭಕ್ಕೆ ನಂಬುವುದಿಲ್ಲ. "ಅಲ್ಲೋ ತಮ್ಮಾ, ವಿಮಾನ ಹಾರಸೂದು ಪುಸ್ತಕ ಓದಿ ಬರ್ತದೇನು?" ಅಂತ ಕಟ್ಟೆಯ ಮೇಲೆ ಕೂತ ಹಿರಿಯರು ಕೇಳುತ್ತಾರೆ. ಬರುವುದಿಲ್ಲ, ನಿಜ. ಆದರೆ ಓದದೇ ಇದ್ದರೆ ಲೈಸೆನ್ಸ್ ಬರುವುದಿಲ್ಲ. ಎರಡು ವರ್ಷದಿಂದ ನಾವು ಅದನ್ನೇ ಓದುತ್ತಿದ್ದೇವೆ, ಇದ್ದ ಕೆಲಸ ಬಿಡದೆ.

ನಾವು ಅಂದರೆ ಇಬ್ಬರು. ದೊಡ್ಡವನು ಕಲಬುರಗಿ ಜಿಲ್ಲೆಯ ಸ್ಟ್ರಿಂಗರ್, ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದವನು, ಸುದ್ದಿ ಅಚ್ಚಾದರೆ ಮಾತ್ರ ದುಡ್ಡು ಕಾಣುವವನು. ಚಿಕ್ಕವನು ಕಾಕಾನ ಮಗ, ವಯಸ್ಸು 26, ಹೆದ್ದಾರಿಯ ಟೋಲ್‌ನಲ್ಲಿ ರಾತ್ರಿ ಪಾಳಿ. ಪರೀಕ್ಷೆ ಬರೆಯುವವನು ಚಿಕ್ಕವನೇ. ದೊಡ್ಡವನು ಬರೆಯುವ ಹಾಗಿಲ್ಲ, ಪಿಯುಸಿಯಲ್ಲಿ ಕಲಾ ವಿಭಾಗ ಓದಿದ್ದಾನೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಭೌತಶಾಸ್ತ್ರ ಮತ್ತು ಗಣಿತ ಬೇಕು. (ಕಲಾ, ಕಾಮರ್ಸ್ ಓದಿದವರು ಎನ್‌ಐಓಎಸ್ ಮೂಲಕ ಆ ಎರಡು ವಿಷಯ ಬರೆದು ಪಾಸಾಗಿ ಬರಬಹುದು. ಇದನ್ನು ಕೇಳಿ ನಮಗೆ ತುಂಬಾ ಜನ ಮೆಸೇಜ್ ಮಾಡುತ್ತಾರೆ, ಅದಕ್ಕೆ ಇಲ್ಲೇ ಹೇಳಿಬಿಟ್ಟೆವು.) ಆದರೂ ಓದು ಇಬ್ಬರದೂ. ಒಬ್ಬ ಪ್ರಶ್ನೆ ಕೇಳಬೇಕಾದರೆ ಅವನಿಗೂ ಉತ್ತರ ಗೊತ್ತಿರಬೇಕಲ್ಲ.

2019ರ ನವೆಂಬರ್‌ನಲ್ಲಿ ಕಲಬುರಗಿ ವಿಮಾನ ನಿಲ್ದಾಣ ಶುರುವಾಯಿತು. ಆಮೇಲೆ ತರಬೇತಿ ಶಾಲೆಗಳ ಪುಟ್ಟ ವಿಮಾನಗಳು ತೊಗರಿ ಹೊಲಗಳ ಮೇಲೆ ತಿರುಗಾಡತೊಡಗಿದವು. ಚಿಕ್ಕವನ ತಲೆಗೆ ಹುಳ ಬಿಟ್ಟದ್ದು ಅವೇ. ಕಾಕಾನಿಗೆ ಇರುವುದು ನಾಲ್ಕು ಎಕರೆ. ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು, ಖರ್ಚು ಅರ್ಧ ಕೋಟಿಯ ಆಚೀಚೆ. ಅಂದರೆ ಹೊಲದ ಪ್ರಶ್ನೆ ಮೊದಲ ದಿನವೇ ಮನೆಯೊಳಗೆ ಬಂದು ಕೂತಿತು.

ಬೆಂಗಳೂರಿನ ಒಂದು ಕೋಚಿಂಗ್ ಸಂಸ್ಥೆಯವರು ಫೋನ್ ಮಾಡಿದ್ದರು. ಇವತ್ತೇ ಎರಡು ಲಕ್ಷ ಕಟ್ಟಿದರೆ ಸೀಟು ಹಿಡಿದಿಡುತ್ತೇವೆ, ನಾಳೆಯಾದರೆ ಗ್ಯಾರಂಟಿ ಇಲ್ಲ ಅಂದರು. ಹುಡುಗನ ಕಣ್ಣು ಹೇಗಿದೆ, ಕಿವಿ ಹೇಗಿದೆ ಅಂತ ಒಂದು ಮಾತು ಕೇಳಲಿಲ್ಲ. ಕಾಕಾ ಚಿಗವ್ವನ ಬಂಗಾರ ಅಡ ಇಡಲು ಹೊರಟೇಬಿಟ್ಟಿದ್ದ. ನಾವೇ ತಡೆದೆವು. ಸುದ್ದಿ ಕೆಲಸದಲ್ಲಿ ಒಂದು ರೂಢಿಯಿದೆ, "ಇವತ್ತೇ" ಅಂತ ಯಾರಾದರೂ ಒತ್ತಾಯ ಮಾಡಿದರೆ ಒಂದು ದಿನ ಕಾಯುವುದು.

ಕಾದು ಮಾಡಿದ್ದು ಏನೆಂದರೆ, ಡಿಜಿಸಿಎ ಒಪ್ಪಿದ ವೈದ್ಯರ ಹತ್ತಿರ ಕ್ಲಾಸ್ 2 ಮೆಡಿಕಲ್. ಅಲ್ಲಿ ಬೇರೆ ಜಿಲ್ಲೆಯ ಒಬ್ಬ ಹುಡುಗ ಅಪ್ಪನ ಜೊತೆ ಬಂದಿದ್ದ. ಅವರು ಆಗಲೇ ಮೂರು ಲಕ್ಷ ಎಲ್ಲೋ ಕಟ್ಟಿಬಿಟ್ಟಿದ್ದರು. ಬಣ್ಣದ ಚುಕ್ಕಿಗಳ ಪುಸ್ತಕ ತೆರೆದಾಗ ಹುಡುಗನಿಗೆ ಒಳಗಿನ ಅಂಕಿ ಕಾಣಲಿಲ್ಲ. ಕೆಂಪು, ಹಸಿರು ಅವನಿಗೆ ಬೇರೆ ಬೇರೆಯಾಗಿ ತಿಳಿಯುವುದಿಲ್ಲ ಅಂತ ಆ ಮನೆಯವರಿಗೆ ಅವತ್ತೇ ಮೊದಲು ಗೊತ್ತಾಗಿದ್ದು. ಅಪ್ಪ ಹೊರಗೆ ಬಂದು ಬೆಂಚಿನ ಮೇಲೆ ಕೂತು, ಟವೆಲಿನಿಂದ ಸುಮ್ಮನೆ ಮುಖ ಒರೆಸಿಕೊಳ್ಳುತ್ತಿದ್ದ. ನಮ್ಮ ಚಿಕ್ಕವನಿಗೆ ಕನ್ನಡಕವಿದೆ. ಅದರಿಂದ ತೊಂದರೆಯಾಗಲಿಲ್ಲ, ಕನ್ನಡಕ ಹಾಕಿದರೆ ನೋಟ ಸರಿಹೋಗಬೇಕು, ಅಷ್ಟೆ.

ಅವತ್ತು ಬಸ್‌ನಲ್ಲಿ ವಾಪಸ್ ಬರುವಾಗ ಒಂದು ಕರಾರು ಆಯಿತು. ಮೊದಲು ಮೆಡಿಕಲ್, ಆಮೇಲೆ ಪೇಪರ್, ಪೇಪರ್ ಮುಗಿಯುವತನಕ ಹೊಲದ ಮಾತು ಎತ್ತಬಾರದು. ಪುಸ್ತಕ, ಪರೀಕ್ಷಾ ಶುಲ್ಕ, ರೈಲಿನ ಟಿಕೆಟ್ ಇವನ್ನೆಲ್ಲ ಟೋಲ್ ಸಂಬಳದಲ್ಲೇ ನೀಗಿಸಬಹುದು. ಫೇಲಾದರೆ ಹೋಗುವುದು ಕೆಲವು ಸಾವಿರ, ಹೊಲ ಇದ್ದಲ್ಲೇ ಇರುತ್ತದೆ.

ಪರೀಕ್ಷೆ ನಡೆಸುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಏರ್ ನ್ಯಾವಿಗೇಷನ್, ಹವಾಮಾನ, ವಾಯುಯಾನ ನಿಯಮಗಳು, ಟೆಕ್ನಿಕಲ್ ಜನರಲ್ ಮತ್ತು ಹಾರಿಸುವ ವಿಮಾನದ ಮಾದರಿಗೆ ತಕ್ಕ ಟೆಕ್ನಿಕಲ್ ಸ್ಪೆಸಿಫಿಕ್. ಕಂಪ್ಯೂಟರ್ ಮುಂದೆ ಕೂತು ಸರಿ ಉತ್ತರ ಆರಿಸಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದರೆ ಪಾಸಾಗಲು 70 ಬೇಕು. 35ಕ್ಕೆ ಪಾಸಾಗಿ ಬಂದ ನಮ್ಮಂಥವರಿಗೆ ಆ 70 ದೊಡ್ಡ ಗುಡ್ಡ. ಇವಲ್ಲದೆ ರೇಡಿಯೋದಲ್ಲಿ ಮಾತಾಡುವ ಆರ್‌ಟಿಆರ್ ಪರೀಕ್ಷೆ ಬೇರೆ. ಅದನ್ನು ಹಿಂದೆ ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು, 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದ ಮೇಲೆ ಡಿಜಿಸಿಎ ಕೈಗೆ ಬಂದಿದೆ.

ಪರೀಕ್ಷೆಗೆ ಕೂರುವ ಮೊದಲು ಕಂಪ್ಯೂಟರ್ ನಂಬರ್ ಅಂತ ಒಂದು ಮಾಡಿಸಬೇಕು. ನಮ್ಮನ್ನು ಅತಿ ಹೆಚ್ಚು ಸುಸ್ತು ಮಾಡಿದ್ದು ಅದೇ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಹಳ್ಳಿ ಶಾಲೆಯಲ್ಲಿ ಮಾಸ್ತರರು ಬರೆದುಕೊಂಡ ಹೆಸರು ಇಪ್ಪತ್ತು ವರ್ಷದ ಮೇಲೆ ಹೇಗೆ ಅಡ್ಡ ಬರುತ್ತದೆ ನೋಡಿ. ನಿಮ್ಮ ಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿದ್ದರೆ ಈಗಲೇ ಎರಡನ್ನೂ ಪಕ್ಕದಲ್ಲಿಟ್ಟು ಓದಿ.

ಇನ್ನು ಓದುವ ಹೊತ್ತು. ಟೋಲ್‌ನಲ್ಲಿ ರಾತ್ರಿ ಎರಡರಿಂದ ನಾಲ್ಕರವರೆಗೆ ಗಾಡಿ ಕಡಿಮೆ. ಫಾಸ್ಟ್ಯಾಗ್ ಬಂದ ಮೇಲೆ ಗಾಡಿಗಳು ತಾವಾಗಿಯೇ ದಾಟುತ್ತವೆ, ಟ್ಯಾಗ್ ಓದದೆ ನಿಂತ ಲಾರಿಗೆ ಮಾತ್ರ ಏಳಬೇಕು. ಬೂತ್‌ನಲ್ಲಿ ಫೋನ್ ಹಿಡಿಯುವ ಹಾಗಿಲ್ಲ. ಹಾಗಾಗಿ ಚಿಕ್ಕವನು ಸೂತ್ರಗಳನ್ನು ಬೇಡವಾದ ಚೀಟಿಗಳ ಹಿಂದೆ ಬರೆದು ಜೇಬಲ್ಲಿ ಇಟ್ಟುಕೊಳ್ಳುತ್ತಾನೆ. ಆ ಕಾಗದ ಬಿಸಿಲು ತಾಗಿದರೆ ಕಪ್ಪಾಗುತ್ತದೆ. ಮೇ ತಿಂಗಳಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟ ಒಂದು ಕಟ್ಟು ಪೂರ್ತಿ ಕಪ್ಪಾಗಿ ಹೋಯಿತು. ಅದನ್ನೆಲ್ಲ ಮತ್ತೆ ಬರೆದದ್ದರಿಂದ ಅವನಿಗೆ ಬಾಯಿಪಾಠ ಆಯಿತು ಅನ್ನಿ.

ದೊಡ್ಡವನ ಕೆಲಸ ವಾಯ್ಸ್ ನೋಟ್. ತಾಲೂಕು ಕಚೇರಿಯಲ್ಲಿ ಸಾಹೇಬರು ಬರುವುದನ್ನು ಕಾಯುತ್ತ, ಎಪಿಎಂಸಿಯ ನೆರಳಲ್ಲಿ ನಿಂತು, ಒಂದೊಂದು ಪುಟವನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿ ವಾಟ್ಸಾಪ್‌ನಲ್ಲಿ ಕಳಿಸುವುದು. ಐ.ಸಿ. ಜೋಶಿಯವರ ಹವಾಮಾನ ಪುಸ್ತಕ ಮತ್ತು ಆರ್.ಕೆ. ಬಾಲಿಯವರ ನಿಯಮಗಳ ಪುಸ್ತಕ ಹೀಗೇ ಮುಗಿದವು. ಚಿಕ್ಕವನು ಬೆಳಿಗ್ಗೆ ಬಸ್‌ನಲ್ಲಿ ರೂಮಿಗೆ ಬರುವಾಗ ಕೇಳಿಸಿಕೊಳ್ಳುತ್ತಾನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ ಓದಿದವನಿಗೆ ವಿಷಯಕ್ಕಿಂತ ಆ ಇಂಗ್ಲಿಷ್ ವಾಕ್ಯಗಳೇ ಕಷ್ಟ. ವಿಷಯ ಕನ್ನಡದಲ್ಲಿ ಹೇಳಿದರೆ ಅರ್ಧ ನಮಗೆ ಮೊದಲೇ ಗೊತ್ತಿದ್ದದ್ದು.

ಉದಾಹರಣೆಗೆ ಗಾಳಿ. ಪುಸ್ತಕದಲ್ಲಿ ಗಾಳಿಗೆ ಹೆಸರು ಕೊಡುವುದು ಅದು ಎಲ್ಲಿಂದ ಬರುತ್ತದೆ ಅನ್ನುವುದರ ಮೇಲೆ. ಪಡುವಣ ಗಾಳಿ ಅಂದರೆ ಪಡುವಣದಿಂದ ಬರುವ ಗಾಳಿ, ರಾಶಿ ತೂರುವ ಯಾವ ರೈತನಿಗೂ ಇದನ್ನು ಹೇಳಿಕೊಡಬೇಕಿಲ್ಲ. ಮುಂಗಾರಿಗೆ ಮೊದಲಿನ ಮಾವಿನ ಮಳೆ, ಕಾಫಿ ಸೀಮೆಯ ಹೂಮಳೆ ಎರಡೂ ಪೈಲಟ್‌ಗಳ ಪಾಠದಲ್ಲಿವೆ. ಇಂಗ್ಲಿಷ್ ಹೆಸರಲ್ಲಿ ಓದಿ ಗಾಬರಿಯಾಗಿದ್ದ ಚಿಕ್ಕವನು "ಅಣ್ಣಾ, ಇದು ನಮ್ಮದೇ ಮಳಿ" ಅಂದಿದ್ದ.

ದೊಡ್ಡವನಿಗೆ ತುಂಬಾ ಹಿಡಿಸಿದ್ದು ಮೆಟಾರ್. ವಿಮಾನ ನಿಲ್ದಾಣದ ಹವಾಮಾನವನ್ನು ಒಂದೇ ಸಾಲಿನಲ್ಲಿ ಹೇಳುವ ವರದಿ ಅದು. ಮೊದಲು ಊರಿನ ಸಂಕೇತ, ಆಮೇಲೆ ತಾರೀಖು, ವೇಳೆ, ಗಾಳಿ, ಎಷ್ಟು ದೂರ ಕಾಣುತ್ತದೆ, ಮೋಡ, ಉಷ್ಣಾಂಶ, ಒತ್ತಡ. ಗಾಳಿಯ ಜಾಗದಲ್ಲಿ 27012 ಅಂತಿದ್ದರೆ 270 ಡಿಗ್ರಿ, ಅಂದರೆ ಪಶ್ಚಿಮದಿಂದ, 12 ನಾಟ್ ವೇಗ. ಒಂದು ಪದ ಹೆಚ್ಚಿಲ್ಲ. ನಮ್ಮ ಡೆಸ್ಕಿನವರು ನೋಡಿದರೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಮಂಜಿನಲ್ಲೂ ಎರಡು ಜಾತಿ: 1000 ಮೀಟರ್‌ಗಿಂತ ಕಡಿಮೆ ಕಂಡರೆ ಎಫ್‌ಜಿ, 1000ದಿಂದ 5000ದವರೆಗೆ ಕಂಡರೆ ಬಿಆರ್. ವೇಳೆ ಮಾತ್ರ ನಮ್ಮದಲ್ಲ. ಎಲ್ಲವೂ ಯುಟಿಸಿ, ನಮ್ಮ ಸಂಜೆ ಐದೂವರೆ ಅಂದರೆ ಅವರಿಗೆ 12 ಗಂಟೆ.

ಬಿಸಿಲಿನ ಲೆಕ್ಕವನ್ನು ಕಾಕಾನ ಮುಂದೆಯೇ ಮಾಡಿ ತೋರಿಸಿದೆವು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 1500 ಅಡಿ ಎತ್ತರ. ಪುಸ್ತಕದ ಪ್ರಕಾರ ಸಮುದ್ರಮಟ್ಟದಲ್ಲಿ 15 ಡಿಗ್ರಿ, ಪ್ರತಿ 1000 ಅಡಿಗೆ 2 ಡಿಗ್ರಿ ಕಡಿಮೆ. ಹಾಗಾದರೆ ಇಲ್ಲಿ 12 ಡಿಗ್ರಿ ಇರಬೇಕು. ಮೇ ತಿಂಗಳ ಮಧ್ಯಾಹ್ನ ಇರುವುದು 42. ಹೆಚ್ಚಾದ 30 ಡಿಗ್ರಿಯಲ್ಲಿ ಒಂದೊಂದಕ್ಕೂ 120 ಅಡಿ ಸೇರಿಸಿದರೆ 3600 ಅಡಿ. ಒಟ್ಟು 5100. ಅಂದರೆ ನೆಲದ ಮೇಲೆ ನಿಂತ ವಿಮಾನಕ್ಕೆ ಸಿಗುವುದು ನಂದಿಬೆಟ್ಟದ ತುದಿಗಿಂತಲೂ ಮೇಲಿರುವಂಥ ತೆಳು ಗಾಳಿ. ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್‌ಗೆ ಉಸಿರು ಕಡಿಮೆ, ಏಳಲು ರನ್‌ವೇ ಹೆಚ್ಚು ಬೇಕು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎತ್ತಿಗೂ ಹಂಗೇ. ಬಿಸಲಾಗ ಅವೂ ಜಗ್ಗಂಗಿಲ್ಲ" ಅಂದ. ಮಗ ಓದುತ್ತಿರುವುದು ಏನು ಅಂತ ಅವನಿಗೆ ನಿಜವಾಗಿ ತಿಳಿದದ್ದು ಅವತ್ತೇ ಇರಬೇಕು.

ಕಷ್ಟ ಕೊಟ್ಟದ್ದು ನ್ಯಾವಿಗೇಷನ್. ಗಾಳಿಯ ತ್ರಿಕೋನ ಅಂತ ಒಂದು ಲೆಕ್ಕ ಬರುತ್ತದೆ. ಕೃಷ್ಣೆಯ ನಡುಗಡ್ಡೆಗೆ ತೆಪ್ಪದಲ್ಲಿ ಹೋದವರಿಗೆ ಇದು ಗೊತ್ತು: ಎದುರು ದಡದ ಮರಕ್ಕೆ ನೇರ ಹುಟ್ಟು ಹಾಕಿದರೆ ನೀರು ಕೆಳಕ್ಕೆ ಒಯ್ಯುತ್ತದೆ, ಅದಕ್ಕೆ ಅಂಬಿಗ ಮರಕ್ಕಿಂತ ಮೇಲಕ್ಕೆ ಮುಖ ಮಾಡುತ್ತಾನೆ. ವಿಮಾನವೂ ಅಷ್ಟೆ. 100 ನಾಟ್ ವೇಗದಲ್ಲಿ ಉತ್ತರಕ್ಕೆ ಹೋಗಬೇಕು, ಪಶ್ಚಿಮದಿಂದ 20 ನಾಟ್ ಗಾಳಿ ಇದೆ ಅಂದರೆ ಮೂತಿಯನ್ನು ಸುಮಾರು 12 ಡಿಗ್ರಿ ಎಡಕ್ಕೆ ತಿರುಗಿಸಿ ಇಡಬೇಕು. ಒಂದು ಡಿಗ್ರಿ ತಪ್ಪಿದರೆ 60 ಕಿಲೋಮೀಟರ್ ಹೋಗುವಷ್ಟರಲ್ಲಿ ಒಂದು ಕಿಲೋಮೀಟರ್ ಪಕ್ಕಕ್ಕೆ. ಕೂರಿಗೆ ಹಿಡಿದವನು ಮೊದಲ ಸಾಲಿಗೆ ಯಾಕೆ ಅಷ್ಟು ಜೋಪಾನ ಮಾಡುತ್ತಾನೆ ಅಂತ ಇಲ್ಲಿ ಅರ್ಥವಾಗುತ್ತದೆ.

ಅರ್ಥವಾಗುವುದು ಬೇರೆ, ಗಡಿಯಾರ ನೋಡುತ್ತ ಲೆಕ್ಕ ಮುಗಿಸುವುದು ಬೇರೆ. ಹವಾಮಾನ ಮತ್ತು ನಿಯಮಗಳು ಮೊದಲ ಸಲವೇ ದಾಟಿದವು. ನ್ಯಾವಿಗೇಷನ್‌ನಲ್ಲಿ 64 ಬಂತು. ರಾತ್ರಿ ಪಾಳಿ ಮುಗಿಸಿ, ಸ್ನಾನವೂ ಇಲ್ಲದೆ ಬೆಂಗಳೂರಿನ ರೈಲು ಹತ್ತಿ, ಜನರಲ್ ಬೋಗಿಯಲ್ಲಿ ನಿಂತು ಹೋಗಿ ಬರೆದ ಪರೀಕ್ಷೆ. ಅದೇ ಕೊಠಡಿಯಲ್ಲಿ ವರ್ಷವಿಡೀ ಹಾಸ್ಟೆಲ್‌ನಲ್ಲಿ ಕೂತು ಅದನ್ನೇ ಓದಿದ ಮಕ್ಕಳೂ ಇದ್ದರು. ಪ್ರಶ್ನೆ ಪತ್ರಿಕೆಗೆ ಇದೆಲ್ಲ ಗೊತ್ತಿರುವುದಿಲ್ಲ, ಗೊತ್ತಿರಬೇಕು ಅಂತಲೂ ನಾವು ಹೇಳುವುದಿಲ್ಲ. ಆಕಾಶದಲ್ಲಿ ಗಾಳಿಯೂ ಯಾರ ಕಷ್ಟವನ್ನೂ ಕೇಳುವುದಿಲ್ಲ. ಆದರೆ ಕೆಲಸ ಮಾಡುತ್ತ ಓದುವವರಿಗೆ ಪರೀಕ್ಷೆಯ ಹಿಂದಿನ ಎರಡು ರಾತ್ರಿ ನಿದ್ದೆ ಬೇಕೇ ಬೇಕು. ಒಂದು ಚಾಪ್ಟರ್ ಬಿಟ್ಟರೂ ಆಗಬಹುದು, ಆ ನಿದ್ದೆ ಬಿಟ್ಟರೆ ಆಗುವುದಿಲ್ಲ. ಈ ಸಲ ಚಿಕ್ಕವನು ಜೊತೆಗಾರನ ಮೂರು ಪಾಳಿ ಮೊದಲೇ ಮಾಡಿಕೊಟ್ಟು ಬದಲಿಗೆ ಮೂರು ರಾತ್ರಿ ಬಿಡುವು ಹೊಂದಿಸಿಕೊಂಡಿದ್ದಾನೆ.

64 ಬಂದ ವಾರ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಚಿಗವ್ವ ಮಾತ್ರ, "ರಾತ್ರಿ ನಿದ್ದಿ ಇಲ್ಲ, ಹಗಲ ನಿದ್ದಿ ಇಲ್ಲ. ಲಗ್ನದ ವಯಸ್ಸು ಹೊಂಟದ. ಇಬ್ರೂ ಏನ್ ಓದ್ಲಿಕತ್ತೀರಿ?" ಅಂತ ಬಯ್ದಳು. ಅವಳಿಗೆ ಉತ್ತರ ಹೇಳುವುದು ನಮಗೆ ಇನ್ನೂ ಆಗಿಲ್ಲ. ನ್ಯಾವಿಗೇಷನ್ ಆದರೂ ಟೆಕ್ನಿಕಲ್ ಇದೆ, ಆರ್‌ಟಿಆರ್ ಇದೆ, ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಂಥ ಕಡೆ ಕ್ಲಾಸ್ 1 ಮೆಡಿಕಲ್ ಇದೆ. ಅದೆಲ್ಲ ಆದ ಮೇಲೆ ಆ ಅರ್ಧ ಕೋಟಿ ಹೊಂದುತ್ತದೆಯೋ ಇಲ್ಲವೋ. ಎರಡು ಎಕರೆ ಮಾರಿದರೂ ಸಾಲದು, ಉಳಿದದ್ದಕ್ಕೆ ಬ್ಯಾಂಕ್ ಸಾಲ, ಆ ಸಾಲಕ್ಕೆ ಉಳಿದ ಎರಡು ಎಕರೆ ಅಡ. ಲೈಸೆನ್ಸ್ ಬಂದ ದಿನವೇ ಕೆಲಸ ಸಿಗುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕಾಕಾನ ಕೈಗೆ ಕೊಟ್ಟಿದ್ದೇವೆ. ಅವನು ಅದನ್ನು ಪಹಣಿ ಇರುವ ಪ್ಲಾಸ್ಟಿಕ್ ಚೀಲದಲ್ಲೇ ಮಡಚಿ ಇಟ್ಟಿದ್ದಾನೆ.

ಹೋದ ತಿಂಗಳು ಕಲಬುರಗಿಯಿಂದ ಒಬ್ಬ ಪ್ಲಾಟಿಂಗ್ ದಲ್ಲಾಳಿ ಬಂದಿದ್ದ. ವಿಮಾನ ನಿಲ್ದಾಣ ಆದ ಮೇಲೆ ಇಂಥವರ ಓಡಾಟ ಹೆಚ್ಚು. ಎಕರೆಗೆ ಒಳ್ಳೆಯ ರೇಟು ಹೇಳಿದ. ಕಾಕಾ ಚಹಾ ತರಿಸಿ, ಎಲೆ ಅಡಿಕೆ ಕೊಟ್ಟು, "ಇನ್ನ ಪೇಪರ್ ಆಗಿಲ್ರಿ. ಎಲ್ಲಾ ಪೇಪರ್ ಆಗ್ಲಿ, ಆಮ್ಯಾಲ ಮಾತಾಡೋಣ" ಅಂದ.

ದಲ್ಲಾಳಿ ನಕ್ಕು, "ಪೇಪರ್ ಚಿಂತಿ ಬಿಡ್ರಿ ಯಜಮಾನ್ರೇ, ತಹಸೀಲ್ದಾರ್ ಆಫೀಸ್ನಾಗ ನಮ್ಮ ಮಂದಿ ಇದ್ದಾರ" ಅಂದ.